ನಿಲ್ಲಿಸಿದ ಮೇಲೂ ತಿರುಗುವ ಫ್ಯಾನು

ಮನೆ ಮುಂದಿನ ವರಾಂಡ,
ಭಾನುವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಮಗನೇ,

ಹೇಗಿದ್ದೀಯ? ಬೆನ್ನು ನೋವು ಕಡಿಮೆ ಆಯಿತಾ? ಹಡಗಿನ ಇಂಜಿನ್ ರೂಮಿನಲ್ಲಿ ಬಗ್ಗಿ ಬಗ್ಗಿ ಕೆಲಸ ಮಾಡುವವನು ಸೊಂಟಕ್ಕೆ ಬೆಲ್ಟು ಕಟ್ಟಿಕೊಳ್ಳಬೇಕು ಅಂತ ಹೊರಡುವಾಗಲೇ ಹೇಳಿದ್ದೆ. ನೀನು ಕಟ್ಟಿಕೊಂಡಿರುವುದಿಲ್ಲ, ನನಗೆ ಗೊತ್ತು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ತಕರಾರು ತೆಗೆಯುತ್ತದೆ. ನಿನ್ನ ಮಗಳಿಗೆ ಮುಂದಿನ ಹಲ್ಲು ಎರಡೂ ಬಿದ್ದಿವೆ, ಆದರೂ ಬಾಯಿಗೆ ಬೀಗ ಬಿದ್ದಿಲ್ಲ. ನಿನ್ನ ಹೆಂಡತಿ ಆರೋಗ್ಯವಾಗಿದ್ದಾಳೆ. ಅವಳ ವಿಷಯ ಬರೆಯುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಹಡಗಿಗೆ ಸಿಗ್ನಲ್ ಸಿಕ್ಕಾಗ ನನಗೆ ಮಾತು ಸಿಗುವುದಿಲ್ಲ, ನನಗೆ ಮಾತು ಸಿಕ್ಕಾಗ ನಿನಗೆ ಸಿಗ್ನಲ್ ಇರುವುದಿಲ್ಲ. ನಿಮ್ಮ ಕಂಪನಿ ಆಫೀಸಿನಿಂದ ಟಪಾಲು ಚೀಲ ಮಂಗಳವಾರ ಹೊರಡುತ್ತದಂತೆ, ಅದರಲ್ಲಿ ಹಾಕುತ್ತೇನೆ.

ನೀನು ಕಳಿಸಿದ ಲಕೋಟೆ ತಲುಪಿತು. ನಿನ್ನ ಜೊತೆಗಾರನ ಭಾವಮೈದ ನಮ್ಮ ಕಾರು ಕೊಳ್ಳುವುದಕ್ಕೆ ತಯಾರಿದ್ದಾನೆ, ಗಾಡಿ ನನ್ನ ಹೆಸರಿನಲ್ಲಿರುವುದರಿಂದ ಮಾರಾಟದ ಕಾಗದಕ್ಕೆ ನನ್ನ ಸಹಿ ಬೇಕು ಅಂತ ಬರೆದಿದ್ದೀಯ. ‘ಗಾಡಿ ಮುಗ್ಗಲು ನಾರುತ್ತಿದೆ, ಹತ್ತಿದವರು ಮೂಗು ಮುಚ್ಚಿಕೊಳ್ಳುತ್ತಾರೆ, ಈ ಕರೆಂಟಿನ ಕಾರು ನಮಗೆ ಆಗಿ ಬರುವುದಿಲ್ಲ’ ಅಂತ ಹೋದ ತಿಂಗಳು ನಾನೇ ಬರೆದದ್ದನ್ನು ನನಗೇ ವಾಪಸ್ ಓದಿಸಿದ್ದೀಯ. ಬರೆದದ್ದು ಹೌದಪ್ಪ. ಈಗ ಆ ಮಾತನ್ನು ನಾನೇ ನುಂಗಿಕೊಳ್ಳುತ್ತಿದ್ದೇನೆ. ಈ ಕಾಗದ ಪೂರ್ತಿ ಓದುವ ತನಕ ಅವನಿಗೆ ಮಾತು ಕೊಡಬೇಡ. ಕಾರು ಹೋದರೆ ನಿನ್ನ ಹೆಂಡತಿ ಮತ್ತೆ ಆ ಅಂಗಡಿಯ ಬಿಲ್ಲಿಂಗ್ ಕೌಂಟರಿಗೆ ಹೋಗಿ ನಿಲ್ಲಬೇಕು. ದಿನಕ್ಕೆ ಒಂಬತ್ತು ಗಂಟೆ ನಿಂತು ಬಂದು, ಊದಿದ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಕೂತಿರುತ್ತಿದ್ದಳಲ್ಲ, ನೆನಪಿದೆಯಾ? ಟ್ಯಾಕ್ಸಿ ಓಡಿಸಲು ಶುರು ಮಾಡಿದ ಈ ಒಂದೂವರೆ ವರ್ಷದಲ್ಲಿ ಆ ಬಕೆಟ್ಟು ಬಟ್ಟೆ ನೆನೆಸುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಹೊರಗೆ ಬಂದಿಲ್ಲ. ನೀನು ಕಳಿಸಿದ ಕಾಗದದ ವಿಷಯ ಅವಳಿಗೆ ಗೊತ್ತಿಲ್ಲ. ಅದನ್ನು ಬೀರುವಿನಲ್ಲಿ ನನ್ನ ಸ್ವೆಟರಿನ ಕೆಳಗೆ ಇಟ್ಟಿದ್ದೇನೆ.

ವಾಸನೆ ಎಷ್ಟರ ಮಟ್ಟಿಗೆ ಹೋಗಿತ್ತು ಅಂತ ಹೇಳುತ್ತೇನೆ ಕೇಳು. ದಿನಾ ಬೆಳಿಗ್ಗೆ ಶಾಲೆಗೆ ಹೋಗುವ ಟೀಚರ್ ಇದ್ದಾರಲ್ಲ, ಅವರಿಗೆ ಉಸಿರಾಟದ ತೊಂದರೆ. ಅವರ ಜೊತೆ ಅದೇ ಶಾಲೆಯ ಇನ್ನಿಬ್ಬರು ಬರುತ್ತಾರೆ. ನಿನ್ನ ಹೆಂಡತಿಯ ಖಾಯಂ ಕೆಲಸ ಅಂದರೆ ಈ ಮೂವರೇ. ಹೋದ ಸೋಮವಾರ ಟೀಚರ್ ಕರ್ಚೀಫಿನ ಹಿಂದಿನಿಂದಲೇ ಹೇಳಿದರಂತೆ, “ಬೇಜಾರು ಮಾಡ್ಕೋಬೇಡಮ್ಮ, ಒದ್ದೆ ಟವೆಲ್ಲು ಡಬ್ಬಿಯಲ್ಲಿ ಮುಚ್ಚಿಟ್ಟು ಮರೆತ ಹಾಗಿದೆ. ಎಸಿ ಹಾಕಿದ್ರೆ ನನಗೆ ಕೆಮ್ಮು, ಹಾಕದಿದ್ರೆ ರೋಡಿನ ಧೂಳು. ಶುಕ್ರವಾರದ ತನಕ ನೋಡ್ತೀನಿ. ಆಮೇಲೆ ನಾವು ಮೂರೂ ಜನ ಬೇರೆ ಗಾಡಿ ನೋಡ್ಕೋಬೇಕಾಗುತ್ತೆ.” ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ ಮೂರು ವಾರ ಆದ ಮೇಲೆ ಬನ್ನಿ ಅಂದರು. ಅದೇ ವಾರ ನಿನ್ನ ಲಕೋಟೆಯೂ ಬಂತು. ನನಗಂತೂ ಎಲ್ಲಾ ಕಡೆಯಿಂದಲೂ ಒಂದೇ ಉತ್ತರ ಬಂದ ಹಾಗಾಯಿತು. ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದದ್ದೂ ಉಂಟು.

ಅದಕ್ಕೆ ಮುಂಚೆ ನನ್ನ ಪ್ರತಾಪವನ್ನೂ ಹೇಳಿಬಿಡುತ್ತೇನೆ, ಹೇಗೂ ನಿನ್ನ ಮಗಳು ಹೇಳದೆ ಬಿಡುವುದಿಲ್ಲ. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಡೀಸೆಲ್ ಕುಡಿದು ಬೆಳೆದ ಮೂಗು ನನ್ನದು. ಯಾವ ವಾಸನೆ ಎಲ್ಲಿಂದ ಅಂತ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ ಅಂತ ಮನೆಯಲ್ಲಿ ಜಂಬ ಕೊಚ್ಚಿಕೊಂಡೆ. ಡಿಪೋದಲ್ಲಾದರೆ ಒಂದೇ ಮದ್ದು: ಕಿಟಕಿ ತೆಗೆದು, ಇಂಜಿನ್ನನ್ನು ಚೆನ್ನಾಗಿ ಕಾಯಿಸಿ, ಆ ಬಿಸಿಯನ್ನೇ ಒಳಗೆ ಬಿಡುವುದು. ಇಂಜಿನ್ನೇ ಇಲ್ಲದ ಗಾಡಿಯಲ್ಲಿ ನನ್ನ ಅನುಭವವನ್ನು ಎಲ್ಲಿ ತುರುಕಲಿ? ಮೊದಲು ಸೆಂಟಿನ ಬಾಟಲಿ ತೂಗುಹಾಕಿದೆ. ಮುಗ್ಗಲು ವಾಸನೆಯ ಜೊತೆಗೆ ಮಲ್ಲಿಗೆಯೂ ಸೇರಿ, ಒಂದಿದ್ದದ್ದು ಎರಡಾಯಿತು. ಆಮೇಲೆ ಯಾರೋ ಹೇಳಿದರು ಅಂತ ಸೀಟಿನ ಕೆಳಗೆ ಒಂದು ಬಟ್ಟಲು ಕಾಫಿಪುಡಿ ಇಟ್ಟೆ. ಇಟ್ಟವನು ನಿನ್ನ ಹೆಂಡತಿಗೆ ಹೇಳುವುದನ್ನು ಮರೆತೆ. ಮೊದಲನೇ ತಿರುವಿನಲ್ಲೇ ಬಟ್ಟಲು ಮಗುಚಿ, ಟೀಚರ್ ಜೊತೆಗಾರ್ತಿಯ ಬಿಳೀ ಚಪ್ಪಲಿ ಕಂದು ಬಣ್ಣಕ್ಕೆ ತಿರುಗಿತು. ಅವತ್ತು ಸಾಯಂಕಾಲ ನಿನ್ನ ಹೆಂಡತಿ ಮ್ಯಾಟು ಕೊಡವುತ್ತಾ, “ಮಾವ, ವಾಸನೆ ಮೇಲೆ ವಾಸನೆ ಹೊದಿಸೋದು ಬೇಡ. ಅದು ಎಲ್ಲಿ ಹುಟ್ತಿದೆ ಅಂತ ನೋಡೋಣ” ಅಂದಳು. ಅಷ್ಟೇ. ಒಂದು ಬೈಗುಳವೂ ಇಲ್ಲ. ನಾನಾಗಿದ್ದರೆ ಓಣಿಯೆಲ್ಲ ಕೇಳುವ ಹಾಗೆ ಕೂಗಾಡಿರುತ್ತಿದ್ದೆ.

ಅವಳು ಕೆಲಸ ಮಾಡಿದ ರೀತಿ ನೋಡಿ ನಾನು ಮೂಗಿನ ಮೇಲೆ ಬೆರಳಿಟ್ಟೆ ಮಗನೇ. ಎರಡು ದಿನ ಏನನ್ನೂ ಬಿಚ್ಚಲಿಲ್ಲ, ಬರೀ ಗಮನಿಸಿದಳು. ವಾಸನೆ ಬರುವುದು ಎಸಿ ಹಾಕಿದ ಮೊದಲ ಎರಡು ಮೂರು ನಿಮಿಷ. ಆಮೇಲೆ ಕಡಿಮೆ. ಗಾಡಿ ಒಂದೆರಡು ಗಂಟೆ ನಿಂತು ಮತ್ತೆ ಹೊರಟಾಗ ಜಾಸ್ತಿ. ಹಾಗಾದರೆ ಮ್ಯಾಟಿನದಲ್ಲ, ಸೀಟಿನದಲ್ಲ, ಡಿಕ್ಕಿಯದೂ ಅಲ್ಲ, ಗಾಳಿ ಬರುವ ದಾರಿಯದೇ. ಡ್ಯಾಶ್‌ಬೋರ್ಡಿನ ಡಬ್ಬಿ ಕಳಚಿ ಅದರ ಹಿಂದಿನ ಫಿಲ್ಟರ್ ಎಳೆದಳು. ಬೂದಿ ಬಣ್ಣ, ಕೈಗೆ ತಣ್ಣಗೆ ಅಂಟುತ್ತಿತ್ತು. ‘ಸಿಕ್ಕಿಬಿದ್ದ ಕಳ್ಳ’ ಅಂತ ನಾನು ಚಪ್ಪಾಳೆ ತಟ್ಟಿದೆ. ಅವಳು ತಟ್ಟಲಿಲ್ಲ. ಇದು ಒದ್ದೆಯಾಗಿದ್ದು ಯಾಕೆ ಅಂತ ಕೇಳಿದಳು. ಆ ಪ್ರಶ್ನೆ ಮೂವತ್ತೊಂದು ವರ್ಷ ಡಿಪೋದಲ್ಲಿದ್ದ ನನಗೆ ಹೊಳೆದಿರಲಿಲ್ಲ. ಎಸಿ ನೀರು ಹೊರಗೆ ಹೋಗುವ ಪೈಪು ಕಟ್ಟಿಕೊಂಡಿರಬಹುದು ಅಂತ ಕಾರಿನ ಕೆಳಗೆ ಹಳೇ ಪೇಪರ್ ಹಾಸಿ, ಎಸಿ ಹಾಕಿ, ನಿನ್ನ ಮಗಳನ್ನು ಅಲ್ಲೇ ಕೂರಿಸಿ ಹನಿ ಎಣಿಸಿದಳು. ನೀರು ಸರಾಗವಾಗಿ ಬೀಳುತ್ತಿತ್ತು, ಅಂದರೆ ಪೈಪಿನ ತಪ್ಪೂ ಅಲ್ಲ. ತಂಪಾಗುವ ಕಾಯಿಲ್ ಮೇಲೆ ಕೂತ ತೇವ ಒಣಗುತ್ತಲೇ ಇಲ್ಲ, ಕತ್ತಲಲ್ಲಿ ಅದಕ್ಕೆ ಬೂಷ್ಟು ಹಿಡಿದಿದೆ ಅಂತ ತೀರ್ಮಾನಕ್ಕೆ ಬಂದಳು.

ಬುಧವಾರ ಮಧ್ಯಾಹ್ನ ಮನೆ ಮುಂದೆಯೇ ಕೆಲಸ ಶುರುವಾಯಿತು. ಸರ್ವಿಸ್ ಸೆಂಟರಿನ ಮೆಕ್ಯಾನಿಕ್ಕನ್ನು ಫೋನಿನಲ್ಲಿ ಹಿಡಿದು, ಏನು ಹಾಕಬಹುದು, ಏನು ಹಾಕಬಾರದು, ಯಾವುದನ್ನು ಮುಟ್ಟಲೇಬಾರದು ಅಂತ ಒಂದೊಂದಾಗಿ ಕೇಳಿ ಬರೆದುಕೊಂಡಿದ್ದಳು. ನಾನು ಸಹಾಯ ಮಾಡುವ ಹುರುಪಿನಲ್ಲಿ ಮುಂದಿನ ಬಾನೆಟ್ ಎತ್ತಿ ಸ್ಕ್ರೂಡ್ರೈವರ್ ತೂರಿಸಲು ಹೋದೆ ನೋಡು, ಅವಳ ದನಿ ಏರಿದ್ದನ್ನು ಅವತ್ತೇ ಮೊದಲು ಕೇಳಿದ್ದು. “ಮಾವ, ಕೈ ತೆಗೀರಿ! ಕಿತ್ತಳೆ ಬಣ್ಣದ ವೈರು ಕಂಡ ಕಡೆ ಕೈ ಹೋಗಬಾರದು. ಅಲ್ಲಿರೋದು ಬಸ್ಸಿನ ಬ್ಯಾಟರಿ ಅಲ್ಲ, ಜೀವ ತೆಗೆಯೋ ಕರೆಂಟು.” ನಾನು ಶಾಲೆ ಹುಡುಗನ ಹಾಗೆ ಕೈ ಹಿಂದೆ ಕಟ್ಟಿಕೊಂಡು ನಿಂತೆ. ಫಿಲ್ಟರ್ ತೆಗೆದ ಜಾಗದಿಂದ ಕಾಯಿಲ್ ತೊಳೆಯುವ ನೊರೆ ಬಿಟ್ಟು, ಇಪ್ಪತ್ತು ನಿಮಿಷ ಹಾಗೇ ಬಿಟ್ಟಳು. ಕೆಳಗೆ ಹಾಸಿದ ಪೇಪರಿನ ಮೇಲೆ ಬಿತ್ತು ನೋಡು, ಹಳೇ ಟೀ ಬಣ್ಣದ ನೀರು. ವಾಸನೆಗೆ ನಿನ್ನ ಮಗಳು ಎದ್ದು ಓಡಿದಳು. ಎರಡನೇ ಸಲಕ್ಕೆ ಬಣ್ಣ ತೆಳುವಾಯಿತು, ಮೂರನೇ ಸಲಕ್ಕೆ ತಿಳಿನೀರು. ಆಮೇಲೆ ಕಿಟಕಿ ಎಲ್ಲ ತೆಗೆದು, ಹೀಟರ್ ಹಾಕಿ, ಫ್ಯಾನು ಜೋರಾಗಿ ಬಿಟ್ಟು ಒಣಗಿಸಿ, ಹೊಸ ಫಿಲ್ಟರ್ ಕೂರಿಸಿದಳು. ಬೆವರಿನಲ್ಲಿ ತೊಯ್ದು, ಕೆನ್ನೆಗೆ ಮಸಿ ಮೆತ್ತಿಕೊಂಡು ಅವಳು ಬಾಗಿಲು ಹಾಕಿದ ರೀತಿ ಇತ್ತಲ್ಲ, ಡಿಪೋದಲ್ಲಿ ನನ್ನ ಕೈ ಕೆಳಗೆ ಬಂದು ಹೋದ ಎಷ್ಟೋ ಮೆಕ್ಯಾನಿಕ್ಕುಗಳಲ್ಲಿ ಅಂಥ ಕೈ ಇದ್ದವರು ಇಬ್ಬರೋ ಮೂವರೋ ಇರಬೇಕು.

ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಅವಳ ತಲೆಯಲ್ಲಿ ಇನ್ನೂ ಅದೇ ಪ್ರಶ್ನೆ: ಒಂದೂಕಾಲು ವರ್ಷ ಒಣಗುತ್ತಿದ್ದದ್ದು ಈಗ ಯಾಕೆ ಒಣಗುತ್ತಿಲ್ಲ? ಗುರುವಾರ ಬೆಳಿಗ್ಗೆ ಟೀಚರ್ ಮನೆ ಮುಂದೆ ಕಾಯುತ್ತಾ ಕಾರಿನ ಪರದೆಯ ಮೇಲಿನ ಸೆಟ್ಟಿಂಗ್ ಪಟ್ಟಿಗಳನ್ನು ಒಂದೊಂದೇ ತೆರೆದು ನೋಡುತ್ತಿದ್ದಳು. ನನ್ನನ್ನು ಮಂಡಿ ಡಾಕ್ಟರ ಹತ್ತಿರ ಇಳಿಸಬೇಕಾಗಿದ್ದರಿಂದ ನಾನೂ ಮುಂದಿನ ಸೀಟಿನಲ್ಲಿದ್ದೆ. ಒಳಗೊಳಗೆ ಎಲ್ಲೋ ಒಂದು ಕಡೆ ‘ನಿಲ್ಲಿಸಿದ ಮೇಲೆ ಒಣಗಿಸು’ ಅಂತ ಇತ್ತು. ಆಫ್ ಆಗಿತ್ತು. ಗಾಡಿ ನಿಲ್ಲಿಸಿ ಅರ್ಧ ಗಂಟೆ ಆದ ಮೇಲೆ ಕಾರು ತಾನಾಗಿಯೇ ಸ್ವಲ್ಪ ಹೊತ್ತು ಫ್ಯಾನು ತಿರುಗಿಸಿ ಕಾಯಿಲ್ಲಿನ ತೇವ ಆರಿಸಿಕೊಳ್ಳುತ್ತದಂತೆ. ಕಾರ್ಖಾನೆಯಿಂದ ಬರುವಾಗ ಅದು ಆನ್ ಆಗಿಯೇ ಇರುತ್ತದೆ, ಯಾರೋ ಆಫ್ ಮಾಡಿದ್ದಾರೆ ಅಂತ ಮೆಕ್ಯಾನಿಕ್ ಫೋನಿನಲ್ಲಿ ಹೇಳಿದ. ಆ ಯಾರೋ ಬೇರೆ ಯಾರೂ ಅಲ್ಲ, ನಿನ್ನ ಅಪ್ಪ.

ಮೂರು ತಿಂಗಳ ಹಿಂದೆ ಅವಳು ಜ್ವರ ಅಂತ ಗಾಡಿ ನಿಲ್ಲಿಸಿ ಬಂದು ಮಲಗಿದ ಸ್ವಲ್ಪ ಹೊತ್ತಿಗೆ ಕಾರಿನ ಹತ್ತಿರ ಹೋದವನಿಗೆ ಒಳಗೆ ಫ್ಯಾನು ತಿರುಗುವ ಸದ್ದು ಕೇಳಿಸಿತು. ನಿಂತ ಗಾಡಿ, ಬೀಗ ಹಾಕಿದೆ, ಒಳಗೆ ನರಪಿಳ್ಳೆಯೂ ಇಲ್ಲ. ಡಿಪೋದಲ್ಲಿ ಕೊನೆಯ ಎಂಟು ವರ್ಷ ನನ್ನ ಕೆಲಸ ಏನಿತ್ತು ಅಂತ ನಿನಗೆ ಗೊತ್ತಲ್ಲ. ನಿಂತ ಬಸ್ಸುಗಳ ಸಾಲಿನಲ್ಲಿ ಓಡಾಡಿ, ಎಲ್ಲಿ ದೀಪ ಉರಿಯುತ್ತಿದೆ, ಎಲ್ಲಿ ಫ್ಯಾನು ತಿರುಗುತ್ತಿದೆ ಅಂತ ನೋಡಿ ಆರಿಸುವುದು. ನನ್ನ ಪಾಳಿಯಲ್ಲಿ ಒಂದೇ ಒಂದು ಬ್ಯಾಟರಿ ಇಳಿದಿರಲಿಲ್ಲ. ಆ ಅಭ್ಯಾಸ ಸುಮ್ಮನೆ ಬಿಡುತ್ತದೆಯೇ? ಚಾರ್ಜು ಪೋಲಾಗುತ್ತಿದೆ ಅಂತ ಒಳಗೆ ಕೂತು, ಅದು ಒತ್ತಿ ಇದು ಒತ್ತಿ, ಕಡೆಗೆ ಅದನ್ನು ಹುಡುಕಿ ಆರಿಸಿ, ನನ್ನ ಬೆನ್ನು ನಾನೇ ತಟ್ಟಿಕೊಂಡು ಇಳಿದಿದ್ದೆ. ಆಮೇಲೆ ಮರೆತೂಬಿಟ್ಟೆ.

ಗುರುವಾರ ಟೀಚರ್ ಹತ್ತಿದರು, ಬಾಗಿಲು ಹಾಕಿದರು, ಕರ್ಚೀಫು ಮೂಗಿಗೆ ಹೋಯಿತು. ಎರಡು ನಿಮಿಷಕ್ಕೆ ಮಡಿಲಿಗೆ ಇಳಿಯಿತು. ಏನಮ್ಮಾ ಮಾಡಿದೆ ಅಂತ ಕೇಳಿದರು. ನಿನ್ನ ಹೆಂಡತಿ, “ಒಣಗಿಸೋ ಸೆಟ್ಟಿಂಗ್ ನನ್ನ ಕೈಯಿಂದ ಆಫ್ ಆಗಿಬಿಟ್ಟಿತ್ತು ಟೀಚರ್, ನೋಡ್ಕೊಂಡಿರಲಿಲ್ಲ. ನಂದೇ ತಪ್ಪು” ಅಂದಳು. ನಾನು ಪಕ್ಕದಲ್ಲೇ ಕೂತು ಕಿಟಕಿಯ ಆಚೆ ನೋಡಿದೆ. ನಿನ್ನೆ ಟೀ ಕುಡಿಯುವಾಗ ಇದ್ದದ್ದು ಇದ್ದ ಹಾಗೆ ಅವಳಿಗೆ ಹೇಳಿದೆ. ಅವಳು ಲೋಟ ಕೆಳಗಿಡದೆಯೇ, “ಗೊತ್ತು ಮಾವ. ನನಗೆ ಜ್ವರ ಬಿಟ್ಟ ದಿನ ನಿಮ್ಮ ಕನ್ನಡಕದ ಡಬ್ಬಿ ಡ್ರೈವರ್ ಸೀಟಲ್ಲಿ ಸಿಕ್ಕಿತ್ತು. ಮೊನ್ನೆ ಎರಡನ್ನೂ ಸೇರಿಸಿ ನೋಡಿದೆ, ಅಷ್ಟೇ” ಅಂದಳು. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡದ್ದಲ್ಲದೆ ಊರವರ ಮುಂದೆ ತನ್ನ ಹೆಸರಿಗೂ ಹಚ್ಚಿಕೊಂಡಿದ್ದಾಳೆ ಮಗನೇ. ನನಗೆ ಅಳು ಬಂತು. ಬಿಸಿ ಟೀ ಅಂತ ಸುಳ್ಳು ಹೇಳಿದೆ.

ಈಗ ಕಾರಿನಲ್ಲಿ ಯಾವ ವಾಸನೆಯೂ ಇಲ್ಲ, ಮಲ್ಲಿಗೆಯದೂ ಇಲ್ಲ. ಇಳಿಯುವ ಜಾಗಕ್ಕೆ ಐದು ನಿಮಿಷ ಇರುವಾಗಲೇ ಅವಳು ತಂಪು ನಿಲ್ಲಿಸಿ ಬರೀ ಫ್ಯಾನು ಬಿಡುತ್ತಾಳೆ, ನಿಂತ ಮೇಲೆ ಉಳಿದದ್ದನ್ನು ಕಾರು ನೋಡಿಕೊಳ್ಳುತ್ತದೆ. ಟೀಚರ್ ಶುಕ್ರವಾರ ಬೇರೆ ಗಾಡಿ ನೋಡಲಿಲ್ಲ, ತಮ್ಮ ಶಾಲೆಯ ಇನ್ನೊಬ್ಬರನ್ನು ಕರೆತಂದರು. ನೀನು ಕಳಿಸಿದ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ಸಿಟ್ಟು ಬಂದರೆ ನನ್ನ ಮೇಲೆ ಬರಲಿ, ಅವಳ ಮೇಲೆ ಬೇಡ. ನಿನ್ನ ಅಮ್ಮ ಇದ್ದಿದ್ದರೆ ಈ ಸೊಸೆಯನ್ನು ತಲೆ ಮೇಲೆ ಹೊತ್ತು ಮೆರೆಯುತ್ತಿದ್ದಳು, ನನ್ನನ್ನು ಮಾತ್ರ ವರಾಂಡದಲ್ಲಿ ಮಲಗಿಸುತ್ತಿದ್ದಳು.

ಹೊತ್ತಿಗೆ ಸರಿಯಾಗಿ ಊಟ ಮಾಡು, ಬೆಲ್ಟು ಕಟ್ಟಿಕೋ. ನಿನ್ನ ಹೆಂಡತಿ ಕೇಳಿದಳು ಅಂತ ಹೇಳಲು ಹೇಳಿದ್ದಾಳೆ. ನಿನ್ನ ಮಗಳ ಮುತ್ತುಗಳನ್ನು ಎಣಿಸಲಾರೆ, ಎಲ್ಲಾ ನಿನಗೇ. ನೀನು ಹೋದ ಕಡೆಯೆಲ್ಲ ಒಳ್ಳೆಯದಾಗಲಿ, ಸುಖವಾಗಿ ಮನೆಗೆ ಬಾ.

ಇಂತಿ ನಿನ್ನ
ಅಪ್ಪ

ಮರೆತಿದ್ದು, ಮಂಗಳವಾರ ಬೆಳಿಗ್ಗೆ, ಅವಸರದಲ್ಲಿ: ಚೀಲ ಹೊರಡುವುದರೊಳಗೆ ಇದನ್ನೂ ಸೇರಿಸುತ್ತಿದ್ದೇನೆ. ನಿನ್ನೆ ಅವಳನ್ನು ವಾಹನ ನೋಂದಣಿ ಆಫೀಸಿಗೆ ಕರೆದುಕೊಂಡು ಹೋಗಿ, ಏನು ಎತ್ತ ಅಂತ ಹೇಳದೆ ಎರಡು ಕಡೆ ಸಹಿ ಹಾಕಿಸಿದೆ. ನನ್ನ ಹಳೇ ಸ್ಕೂಟರಿನ ಕೆಲಸ ಅಂದುಕೊಂಡಿದ್ದಳು. ಕಾರಿನ ನೋಂದಣಿ ರಸೀದಿ ಕೈಗೆ ಬಂದಾಗ ಓದಿ, “ಸಾರ್, ಇಲ್ಲಿ ಹೆಸರು ತಪ್ಪಾಗಿದೆ, ಓನರ್ ನಮ್ಮ ಮಾವ” ಅಂತ ಕಿಟಕಿಗೆ ವಾಪಸ್ ಕೊಡಲು ಹೋದಳು. ಸರಿಯಾಗೇ ಇದೆ ಅಂತ ನಾನೇ ಹೇಳಬೇಕಾಯಿತು. ದಾರಿಯಲ್ಲಿ ನಿನ್ನ ಲಕೋಟೆಯ ವಿಷಯವನ್ನೂ ಹೇಳಿದೆ. ಅವಳು ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದಳು. ಆಮೇಲೆ, “ಮಾರೋ ಮುಂಚೆ ನನ್ನನ್ನ ಒಂದು ಮಾತು ಕೇಳಬೇಕು ಅಂತ ನಿಮಗಿಬ್ಬರಿಗೂ ಅನ್ನಿಸಲೇ ಇಲ್ವಾ ಮಾವ?” ಅಂದಳು. ನನ್ನ ಪಾಲಿನ ತಪ್ಪು ಒಪ್ಪಿಕೊಂಡೆ, ನೀನು ನಿನ್ನ ಉತ್ತರ ತಯಾರು ಮಾಡಿಟ್ಟುಕೋ. ಆ ಭಾವಮೈದನಿಗೆ ತಿಳಿಸು, ಕಾರು ಬೇಕಿದ್ದರೆ ಓನರ್ ಹತ್ತಿರ ನೇರವಾಗಿ ಮಾತಾಡಲಿ. ನಂಬರು ನಿನ್ನ ಫೋನಿನಲ್ಲೇ ಇದೆ.