ಗಿಡದ ಗೋಡೆಗೊಂದು ಬಾಗಿಲು

ಬುಧವಾರ, ಊಟದ ಬಿಡುವು
ಬಂಗಲೆ ತೋಟದ ಸಾಮಾನು ಕೋಣೆಯಿಂದ

ಇವಳೇ,

ಮೊದಲು ಕೆಟ್ಟ ಕನಸಿನ ವಿಷಯ ಹೇಳಿ ಮುಗಿಸಿಬಿಡ್ತೀನಿ. ಹೇಳದೆ ಇದ್ದರೆ ನಿಜ ಆಗಿಬಿಡುತ್ತೆ ಅಂತ ಒಂದು ಭಯ, ಹೇಳಿದರೆ ನೀನು ನಗ್ತೀಯ ಅಂತ ಇನ್ನೊಂದು. ನಗು, ಪರವಾಗಿಲ್ಲ. ಕನಸಿನಲ್ಲಿ ನೀನು ನಮ್ಮ ತೋಟದ ಚಕ್ರವ್ಯೂಹದೊಳಗೆ ಸಿಕ್ಕಿಹಾಕಿಕೊಂಡು ರೀ, ರೀ ಅಂತ ಕೂಗ್ತಾ ಇದ್ದೆ. ನಾನು ಕತ್ತರಿ ಹಿಡಿದು ಹೊರಗೆ ಓಡಾಡ್ತಾ ಇದ್ದೆ. ಕತ್ತರಿಸಿದಷ್ಟೂ ಗಿಡ ಬೆಳೀತಾ ಇತ್ತು. ಕೊನೆಗೆ ನಮ್ಮ ಮ್ಯೂಸಿಯಂ ಸಾಹೇಬರು ಬಂದು, ವಸ್ತುಗಳನ್ನು ಮುಟ್ಟಬಾರದು ಅನ್ನೋ ಬೋರ್ಡನ್ನು ನನ್ನ ಕೊರಳಿಗೇ ನೇತುಹಾಕಿದರು. ಎಚ್ಚರ ಆಗಿ ನೋಡಿದರೆ ಹೊದಿಕೆ ಕೊರಳಿಗೆ ಸುತ್ತಿಕೊಂಡಿತ್ತು.

ನಿನ್ನ ಕಾರ್ಡು ಬಂತು. ತೋಟ ತೆರೆಯುವ ಭಾನುವಾರ ಬರ್ತೀನಿ, ಬಸ್ ಸ್ಟ್ಯಾಂಡಿಗೆ ಬರಬೇಡಿ, ಹಿಂದೆ ಹಿಂದೆಯೂ ಬರಬೇಡಿ, ಬಂದರೆ ಬಂದ ಬಸ್ಸಿಗೇ ವಾಪಸ್ ಹತ್ತುತ್ತೀನಿ ಅಂತ ಬರೆದಿದ್ದೀಯ. ಇಲ್ಲಿ ಕೆಲಸಕ್ಕಿರೋ ಬಡಗಿಗೆ ಓದಿ ಹೇಳಿದೆ. ನಿಮ್ಮ ಮನೆಯವರ ಬರವಣಿಗೆ ಉಳಿಯಿಂದ ಕೊರೆದ ಹಾಗಿದೆ, ಮರಳು ಕಾಗದ ಹಾಕಿ ಉಜ್ಜಿದರೂ ಅಳಿಸೋದಿಲ್ಲ ಅಂದ. ನೀನು ತಂಗಿ ಮನೆಗೆ ಹೊರಟಾಗ ಬಾಗಿಲಲ್ಲಿ ನಿಂತು ಹೇಳಿದ್ದೂ ಹಾಗೇ ಉಳಿದುಕೊಂಡಿದೆ. ನಿಮ್ಮ ಜೊತೆ ಬಾಳೋದು ಅಂದರೆ ನನ್ನ ನೆರಳಿಗೆ ಇನ್ನೊಂದು ನೆರಳು ಅಂಟಿಸಿಕೊಂಡ ಹಾಗೆ, ಸ್ವಲ್ಪ ದಿನ ಉಸಿರಾಡಿಕೊಂಡು ಬರ್ತೀನಿ ಅಂದಿದ್ದೆ. ಸ್ವಲ್ಪ ದಿನ ಅಂದದ್ದು ವರ್ಷ ಆಯಿತು. ನಾನು ಕೇಳ್ತಾ ಇಲ್ಲ, ಸುಮ್ಮನೆ ಬರೆದೆ.

ನೀನು ಬರುವ ಮೊದಲು ಇಲ್ಲಿ ನಡೆದದ್ದು ನನ್ನ ಬಾಯಿಂದಲೇ ತಿಳೀಲಿ. ಇಲ್ಲದಿದ್ದರೆ ವಾಚ್‌ಮನ್ ಹೇಳಿಬಿಡ್ತಾನೆ, ಅವನು ಹೇಳಿದರೆ ಇರುವೆಗೂ ಸೊಂಡಿಲು ಬರುತ್ತೆ.

ಈ ಹಳೇ ಬಂಗಲೆಯನ್ನು ಚಿತ್ರಗಳ ಮ್ಯೂಸಿಯಂ ಮಾಡ್ತಾ ಇರೋದು ನಿನಗೆ ಗೊತ್ತು. ಮಹಡಿ ಹಾಲಿನಲ್ಲಿ ಗೋಡೆಯಷ್ಟು ದೊಡ್ಡ ಚಿತ್ರ ಒಂದಿದೆ, ಇದೇ ತೋಟ ಆಗಿನ ಕಾಲದಲ್ಲಿ ಹೇಗಿತ್ತು ಅಂತ ಯಾರೋ ಪುಣ್ಯಾತ್ಮ ಬರೆದದ್ದು. ಅದರ ಪಕ್ಕದಲ್ಲೇ ಕಿಟಕಿ. ಚಿತ್ರ ನೋಡಿ ಕತ್ತು ತಿರುಗಿಸಿದರೆ ಕಿಟಕಿಯ ಆಚೆಗೂ ಅದೇ ಕಾಣಬೇಕು ಅನ್ನೋದು ಸಾಹೇಬರ ಹಟ. ಚಿತ್ರದ ನಟ್ಟನಡುವೆ ಚಕ್ರವ್ಯೂಹ. ಆಳೆತ್ತರದ ಗಿಡಗಳನ್ನು ಗೋಡೆ ಹಾಗೆ ಕತ್ತರಿಸಿ ಮಾಡಿದ ಸುತ್ತುದಾರಿ, ಒಂದೇ ದಾರಿ ನಡುವಿಗೆ ಹೋಗುತ್ತೆ, ಮಿಕ್ಕವೆಲ್ಲ ಕುರುಡು ದಾರಿ. ನಾವು ಮಾಲಿಗಳು ಕೆಲಸಕ್ಕೆ ಬಂದಾಗ ಅದು ಬಾಚಣಿಗೆ ಕಾಣದ ತಲೆ ಹಾಗಿತ್ತು. ಕತ್ತರಿಸಿ ಕತ್ತರಿಸಿ ಆಕಾರಕ್ಕೆ ತಂದೆವು. ಅಲ್ಲಲ್ಲಿ ಗಿಡ ಸತ್ತು ಗೋಡೆಯಲ್ಲಿ ಕಂಡಿ ಬಿದ್ದಿತ್ತು. ಸಸಿ ಬೆಳೆಸಿ ಕಂಡಿ ಮುಚ್ಚೋ ಕೆಲಸ ನನ್ನದು.

ಮುಚ್ಚಿದೆ. ಎಲ್ಲ ಮುಚ್ಚಲಿಲ್ಲ.

ಏನು ಮಾಡಲಿ ಹೇಳು. ಕುರುಡು ದಾರಿಯ ಕೊನೇಲಿ ನಿಂತು ಸಸಿ ಹಿಡಿದಾಗೆಲ್ಲ ಯಾರಾದರೂ ವಯಸ್ಸಾದವರು ಬಂದು ಇಲ್ಲಿ ಸಿಕ್ಕಿಹಾಕಿಕೊಂಡರೆ ಅಂತ ಅನ್ನಿಸೋದು. ತಲೆ ಸುತ್ತಿದರೆ? ಅರ್ಜೆಂಟಾದರೆ? ಮೇಲಿನಿಂದ ನೋಡುವವರಿಗೆ ಕಾಣಬಾರದು ಅಂತ ಮೇಲೆ ಕೊಂಬೆ ಕಟ್ಟಿ ಕೂಡಿಸಿ, ಕೆಳಗೆ ಬಗ್ಗಿ ನುಸುಳುವಷ್ಟು ಜಾಗ ಉಳಿಸಿದೆ. ಒಂದು ಕುರುಡು ದಾರಿಗೆ ಮಾಡಿದ ಮೇಲೆ ಇನ್ನೊಂದು ಏನು ಪಾಪ ಮಾಡಿತ್ತು? ಎಲ್ಲಕ್ಕೂ ಮಾಡಿದೆ.

ಸೋಮವಾರ ಪರೀಕ್ಷೆ. ಸಾಹೇಬರು ಆಫೀಸಿನವರನ್ನೆಲ್ಲ ಒಳಗೆ ಕಳಿಸಿ, ಊಟದ ಹೊತ್ತಿಗೆ ಒಬ್ಬರಾದರೂ ಬಂದರೆ ಹೆಚ್ಚು ಅಂತ ನಗ್ತಾ ಕುರ್ಚಿ ಹಾಕಿಕೊಂಡು ಕೂತರು. ಅವರ ಟೀ ಆರಿರಲಿಲ್ಲ, ಟೈಪಿಸ್ಟ್ ಹುಡುಗಿ ದಕ್ಷಿಣದ ಕಡೆಯಿಂದ ತಲೆಗೆ ಎಲೆ ಸಿಕ್ಕಿಸಿಕೊಂಡು ಈಚೆ ಬಂದಳು. ಆಮೇಲೆ ಗುಮಾಸ್ತ. ಆಮೇಲೆ ಟಿಕೆಟ್ ಕೌಂಟರಿನವನು, ಮೊಣಕಾಲಿಗೆಲ್ಲ ಮಣ್ಣು. ಮಳೆ ಬಂದಾಗ ಇಲಿಗಳು ಬಿಲದಿಂದ ಹೊರಗೆ ಬೀಳುತ್ತವಲ್ಲ, ಹಾಗೆ ಎಲ್ಲ ದಿಕ್ಕಿನಿಂದಲೂ ಜನ. ಸಾಹೇಬರಿಗೆ ಒಂದೂ ಅರ್ಥ ಆಗಲಿಲ್ಲ. ಅಷ್ಟರಲ್ಲಿ ವಾಚ್‌ಮನ್ ಅಯ್ಯಯ್ಯೋ ಅಂದ. ಅವನ ಹೊಟ್ಟೆ ನಿನಗೆ ಗೊತ್ತಲ್ಲ, ಕಂಡಿಯಲ್ಲಿ ಸಿಕ್ಕಿ ಅರ್ಧ ಹೊರಗೆ ಅರ್ಧ ಒಳಗೆ. ನಾನು ಕೈ ಎಳೆದೆ, ಬಡಗಿ ಒಳಗಿನಿಂದ ಕಾಲು ತಳ್ಳಿದ. ಎಳೆಯೋ ಗಾಬರಿಯಲ್ಲಿ ನನ್ನ ಬಾಯಿಂದ ಬಂದುಬಿಟ್ಟಿತು, ಪಕ್ಕದ ಕಂಡಿ ಇದಕ್ಕಿಂತ ಅಗಲ ಇತ್ತು ಮಾರಾಯ, ಅಲ್ಲಿ ಬರೋದಲ್ವಾ ಅಂತ.

ಸಾಹೇಬರು ಕುರ್ಚಿಯಿಂದ ಎದ್ದರು.

ಬೈಗುಳ ಬರೆಯೋದಿಲ್ಲ. ಕೊನೆಗೆ ಹೇಳಿದ್ದು ಇಷ್ಟು. ಜನ ದಾರಿ ತಪ್ಪೋದಕ್ಕೇ ಇಲ್ಲಿಗೆ ಬರ್ತಾರಪ್ಪ, ಆ ಸುಖ ಕಿತ್ತುಕೊಳ್ಳೋಕೆ ನೀನು ಯಾರು ಅಂದರು. ಶುಕ್ರವಾರದೊಳಗೆ ಎಲ್ಲ ಕಂಡಿ ಮುಚ್ಚಬೇಕು, ಇಲ್ಲ ಕತ್ತರಿ ಇನ್ನೊಬ್ಬರ ಕೈಗೆ ಕೊಟ್ಟು ಮನೆಗೆ ಹೋಗು ಅಂದರು. ಯಾವ ಮನೆಗೆ? ಅಲ್ಲಿ ಯಾರೂ ಇಲ್ಲ ಅನ್ನೋಣ ಅಂತಿದ್ದೆ, ವಾಚ್‌ಮನ್ ಕಿವಿ ಅಲ್ಲೇ ಇತ್ತು, ಸಲಿಕೆ ತರೋಕೆ ಹೋದೆ.

ಸಸಿಗೆ ಬರ ಇರಲಿಲ್ಲ, ಒಂದಕ್ಕೆ ಎರಡು ಬೆಳೆಸಿ ಇಟ್ಟಿದ್ದೆ, ನನ್ನ ಬುದ್ಧಿ ಗೊತ್ತಲ್ಲ. ಸೋಮವಾರ ಮಧ್ಯಾಹ್ನದಿಂದ ನೆಡ್ತಾ ಬಂದೆ. ನೆನ್ನೆ ಸಂಜೆ ನಡುವಿನ ಹತ್ತಿರದ ಕಂಡಿ ಒಂದನ್ನು ಒಳಗಿನಿಂದ ಮುಚ್ಚಿ, ಮಣ್ಣು ತುಳಿದು, ಸಲಿಕೆ ಹೆಗಲಿಗೆ ಹಾಕಿ ಹೊರಟೆ. ಬಲಕ್ಕೆ ಹೋದೆ, ಗೋಡೆ. ಎಡಕ್ಕೆ ಹೋದೆ, ಗೋಡೆ. ಮತ್ತೆ ನಾನೇ ನೆಟ್ಟ ಸಸಿ ಎದುರಿಗೆ! ಇಷ್ಟು ದಿನ ನಾನೂ ಕಂಡಿಯಲ್ಲೇ ಓಡಾಡಿದವನು, ಸರಿಯಾದ ದಾರಿಯ ಕಡೆ ನೋಡಿಯೇ ಇರಲಿಲ್ಲ. ಚಕ್ರವ್ಯೂಹ ಕಾಯುವವನೇ ಚಕ್ರವ್ಯೂಹದಲ್ಲಿ ಸಿಕ್ಕಿಬಿದ್ದ. ನಗು, ಈಗ ಜೋರಾಗಿಯೇ ನಗು.

ಕೂಗೋಣ ಅಂತ ಬಾಯಿ ತೆರೆದೆ, ವಾಚ್‌ಮನ್ ನೆನಪಾಗಿ ಮುಚ್ಚಿದೆ. ಸಲಿಕೆ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಒಂದು ಹಕ್ಕಿ ಬಂದು ನಾನು ಅಗೆದ ಮಣ್ಣಿನಲ್ಲಿ ಹುಳ ಹೆಕ್ಕಿತು. ಎಲೆ ವಾಸನೆ ಇತ್ತು, ತಂಪಿತ್ತು. ಯಾರೂ ಕರೀಲಿಲ್ಲ, ಏನೂ ಆಗಲಿಲ್ಲ. ಆಮೇಲೆ ಎದ್ದು ನಿಧಾನವಾಗಿ ನೋಡ್ತಾ ನೋಡ್ತಾ ಬಂದೆ, ದಾರಿ ಸಿಕ್ಕಿತು. ಸಿಕ್ಕಿದ ಮೇಲೂ ತಕ್ಷಣ ಹೊರಗೆ ಬರೋ ಮನಸ್ಸಾಗಲಿಲ್ಲ ಅಂದರೆ ನಂಬ್ತೀಯಾ? ನೀನು ಒಬ್ಬಳೇ ಅಂಗಡಿಗೆ ಹೋಗಿ ತಡವಾಗಿ ಬಂದ ದಿನ ಮುಖದಲ್ಲಿ ಒಂದು ಕಳೆ ಇರ್ತಿತ್ತು. ನಾನು ಗಡಿಯಾರ ತೋರಿಸಿದ ಕೂಡಲೇ ಹೋಗಿಬಿಡ್ತಿತ್ತು. ಅದು ಎಲ್ಲಿಂದ ಬರ್ತಿತ್ತು ಅಂತ ನೆನ್ನೆ ಗೊತ್ತಾಯಿತು.

ಇವತ್ತು ಬೆಳಿಗ್ಗೆ ಇನ್ನೊಂದು ತಮಾಷೆ. ಮಹಡಿಯಲ್ಲಿ ಹಳೇ ಚಿತ್ರಗಳ ಕೊಳೆ ತೆಗೆಯೋ ಅಮ್ಮ ಒಬ್ಬರಿದ್ದಾರೆ, ನಾವು ಚಿತ್ರದ ಡಾಕ್ಟರಮ್ಮ ಅಂತೀವಿ. ಹತ್ತಿ ಸುತ್ತಿದ ಕಡ್ಡಿಯಲ್ಲಿ ಉಗುರಿನಷ್ಟು ಉಗುರಿನಷ್ಟೇ ಒರೆಸ್ತಾರೆ. ದೊಡ್ಡ ಚಿತ್ರದಲ್ಲಿ ಚಕ್ರವ್ಯೂಹದ ಒಂದು ಮೂಲೆ ಅವರಿಗೆ ಇನ್ನೂ ಬಾಕಿ ಇತ್ತು. ಇವತ್ತು ಅಲ್ಲಿ ಕೊಳೆ ಬಿಟ್ಟಿತು ನೋಡು, ಕಲ್ಲು ಬೆಂಚಿನ ಪಕ್ಕ ಗಿಡದ ಹೊರಗೋಡೆಯಲ್ಲಿ ಪುಟ್ಟದೊಂದು ಹಸಿರು ಬಾಗಿಲು! ಅದರ ಮುಂದೆ ಕತ್ತರಿ ಹಿಡಿದು, ಕತ್ತು ಚಾಚಿ, ಮುಖ ಹುಳ್ಳಗೆ ಮಾಡಿಕೊಂಡು ನಿಂತಿದ್ದಾನೆ ಒಬ್ಬ ಮಾಲಿ. ಎಲ್ಲರೂ ಅವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಿನ್ನ ಮುತ್ತಾತನೇ ಇರಬೇಕು ಅಂತ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿತ್ರದಲ್ಲಿ ಇರೋದು ತೋಟದಲ್ಲೂ ಇರಬೇಕಲ್ಲ, ಅಲ್ಲೊಂದು ಬಾಗಿಲು ಇಡು, ಒಂದೇ ಒಂದು, ಚಿಲಕ ಯಾವ ಕಡೆ ಅಂತ ಚಿತ್ರದಲ್ಲಿ ಕಾಣೋದಿಲ್ಲ, ಅದು ನಿನಗೆ ಬಿಟ್ಟದ್ದು ಅಂದರು. ಊಟಕ್ಕೆ ಮುಂಚೆಯೇ ಬಡಗಿ ಹಲಗೆ ಜೋಡಿಸಿ ನಿಲ್ಲಿಸಿಬಿಟ್ಟ. ಬಣ್ಣ ನಾಳೆ. ಉಳಿದಿರೋದು ಎರಡು ಕಂಡಿ, ಅವೂ ನಾಳೆ. ಕತ್ತರಿ ನನ್ನ ಕೈಯಲ್ಲೇ ಉಳೀತು ಅಂತ ತಿಳಿಕೋ.

ಭಾನುವಾರ ನಾನು ಬಸ್ ಸ್ಟ್ಯಾಂಡಿಗೆ ಬರೋದಿಲ್ಲ. ಇಳಿದ ಕೂಡಲೇ ಎಡಕ್ಕೆ ತಿರುಗಿ ಅಂಚೆ ಕಚೇರಿ ದಾಟಿದರೆ ಬಂಗಲೆ ಗೇಟು ಕಾಣುತ್ತೆ, ಆದರೆ ಅದನ್ನು ನಾನು ಹೇಳ್ತಾ ಇಲ್ಲ, ನೀನೇ ಹುಡುಕಿಕೋ. ಮೊದಲು ಮಹಡಿಗೆ ಹೋಗಿ ಮುತ್ತಾತನನ್ನು ನೋಡು. ಆಮೇಲೆ ಚಕ್ರವ್ಯೂಹಕ್ಕೆ ಹೋಗು, ಒಬ್ಬಳೇ. ನಾನು ಹೊರಗೆ ಸ್ಟೂಲಿನ ಮೇಲೆ ಕೂತಿರ್ತೀನಿ. ಎಷ್ಟು ಹೊತ್ತಾದರೂ ಕರೆಯೋದಿಲ್ಲ. ಕೆಮ್ಮು ಬಂದರೆ ಅದು ನಿಜವಾದ ಕೆಮ್ಮು, ಕರೆದದ್ದು ಅಂತ ತಿಳಿಯಬೇಡ. ಕೊನೇ ಬಸ್ಸು ಎಷ್ಟು ಹೊತ್ತಿಗೆ ಅಂತಲೂ ನಾನು ವಿಚಾರಿಸಿಲ್ಲ. ಹೋಗೋದು, ಉಳಿಯೋದು ನಿನಗೆ ಬಿಟ್ಟದ್ದು.

ಕಾಗುಣಿತ ತಪ್ಪಿದ್ದರೆ ತಿದ್ದಿಕೊಂಡು ಓದು. ನಾಲ್ಕನೇ ಕ್ಲಾಸಿನಲ್ಲಿ ಬಿಟ್ಟವನು ಇಷ್ಟುದ್ದ ಬರೆದದ್ದೇ ಹೆಚ್ಚು. ತಂಗಿಗೆ ಕೇಳಿದೆ ಅಂತ ಹೇಳು.

ಸ್ಟೂಲಿನ ಮೇಲೆ ಸುಮ್ಮನೆ ಕೂರುವುದನ್ನು ಈಗಿನಿಂದಲೇ ಕಲೀತಾ ಇರುವ,
ನಿನ್ನ 'ರೀ'

ಮರೆತ ಮಾತು: ಬಾಗಿಲ ಹೊರಮೈಯಲ್ಲಿ ಸ್ಕ್ರೂ ಹಾಕಿ ತೆಗೆದ ತೂತುಗಳು ಕಾಣ್ತವೆ, ಬಡಗಿಯನ್ನು ಬೈಯಬೇಡ. ಬೇಕಾದಾಗ ನಾನು ತೆಗೆದುಕೊಂಡು ಒಳಗೆ ಬರೋ ಹಾಗೆ ಚಿಲಕವನ್ನು ಮೊದಲು ಹೊರಗಡೆ ಹಾಕಿಸಿದ್ದೆ. ಅರ್ಧ ಊಟದಲ್ಲಿ ಎದ್ದು ಹೋಗಿ ಬಿಚ್ಚಿ, ಒಳಗಡೆಗೆ ಹಾಕಿ ಬಂದೆ. ಈಗ ಹೊರಗಿನಿಂದ ನನ್ನ ಕೈಗೆ ಅದು ಸಿಗೋದಿಲ್ಲ, ಒಳಗಿರೋರು ಮನಸ್ಸಾದಾಗ ತೆಗೆದುಕೊಂಡು ಬರಬಹುದು. ಎಣ್ಣೆ ಬಿಟ್ಟಿದ್ದೀನಿ, ನನ್ನ ಕೈಗೆ ಸಲೀಸಾಗಿ ಸರೀತು. ನಿನ್ನ ಕೈಗೂ ಸರಿಯುತ್ತಾ ಅಂತ, ಬಂದಾಗ, ಇನ್ನೊಂದು ಸಲ ನೀನೇ ನೋಡಿಬಿಡು.