ಹುಳ ಚೆನ್ನಾಗಿದ್ದವು, ದೊಡ್ಡಮ್ಮ

ದೊಡ್ಡಮ್ಮ,

ನಿನ್ನ ಮೇಲೆ ಕೋಪ ಬಂದಿದೆ. ಹೋದವರ ಮೇಲೆ ಸಿಟ್ಟು ಮಾಡಬಾರದು ಅಂತಾರೆ, ಆದರೆ ಹತ್ತು ದಿನದಿಂದ ಅದು ಇಳಿಯುತ್ತಲೇ ಇಲ್ಲ. ಅರ್ಧ ನಿನ್ನ ಮೇಲೆ, ಅರ್ಧ ಊರಿನವರ ಮೇಲೆ. ನನ್ನ ಮೇಲೆ ಎಷ್ಟಿದೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಚಾಕಿ ಮನೆಯ ಬಾಗಿಲಲ್ಲೇ ನನ್ನನ್ನು ತಡೆದು ನಿಲ್ಲಿಸಿದ್ದು ನೆನಪಿದೆಯಾ? ಮೊಟ್ಟೆಯೊಡೆದ ಮರಿ ರೇಷ್ಮೆಹುಳಗಳ ಕೋಣೆ, ನಿನಗೆ ಅದು ದೇವರಮನೆಗಿಂತ ಹೆಚ್ಚು. "ಪೌಡರ್ ಹಾಕ್ಕೊಂಡಿದ್ದೀಯ, ಅಲ್ಲೇ ನಿಂತ್ಕೊ, ನನ್ ಮಕ್ಳಿಗೆ ಆಗಲ್ಲ" ಅಂದಿದ್ದೆ. ಚಳಿಗಾಲದಲ್ಲಿ ಆ ಮಕ್ಕಳಿಗೆ ಬಿಸಿ ಬೇಕು. ಬಾಂಡ್ಲಿಗೆ ಇದ್ದಿಲು ತುಂಬಿ, ಅಂಗಳದಲ್ಲಿ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ಕೆಂಪಗಾದ ಮೇಲೆ ಒಳಗೆ ತರುತ್ತಿದ್ದೆ. ಆಮೇಲೆ ಕಿಟಕಿಗೆ, ಸಂದಿಗೆ, ಎಲ್ಲದಕ್ಕೂ ಗೋಣಿಚೀಲ. "ಹೊಗೆ ಇಲ್ಲ, ಹುಳ ಚೆನ್ನಾಗಿ ಮೇಯ್ತಾವೆ, ಇನ್ನೇನಾಗ್ಬೇಕು?" ಅನ್ನುತ್ತಿದ್ದೆ. ನಿನಗೆ ಚಳಿಗಾಲಕ್ಕೆ ಸರಿಯಾಗಿ ತಲೆನೋವು ಬರುತ್ತಿತ್ತಲ್ಲ, ಅದನ್ನು ಮಾತ್ರ ಶಾರದತ್ತಿಗೆಯ ತಲೆಗೆ ಕಟ್ಟುತ್ತಿದ್ದೆ. ಸೊಸೆಗೆ ಹೇಳಿ ಹೇಳಿ ನಿನ್ನ ತಲೆ ಸಿಡಿಯುತ್ತಿತ್ತಂತೆ.

ಮೂರು ವರ್ಷದ ಹಿಂದೆ ಆ ಕೋಣೆಯಲ್ಲಿ ಬಿದ್ದಿದ್ದ ನಿನ್ನನ್ನು ತಂದು ಜಗಲಿಯ ಮೇಲೆ ಮಲಗಿಸಿದಾಗ ನಿನ್ನ ಮುಖ ಕೆಂಪಗಿತ್ತು. "ಏನ್ ಕಳೆ ನೋಡ್ರಮ್ಮ, ಮುತ್ತೈದೆ ಸಾವು" ಅಂದರು ಹೆಂಗಸರು. ಬಂದ ಡಾಕ್ಟರು ನಾಡಿ ಹಿಡಿದು, ಹಾರ್ಟು ಅಂದು ಹೋದರು. ಊರಿಗೆ ಅಷ್ಟು ಸಾಲಲಿಲ್ಲ. "ಬೆಳಗ್ಗೆಯಿಂದ ಅತ್ತೆ ಹೊಟ್ಟೆಗೆ ಒಂದ್ ತೊಟ್ಟು ಕಾಫಿ ಇಲ್ಲ. ಸೊಪ್ಪಿಗೆ ಅಂತ ಹೋದ ಸೊಸೆ ಅಲ್ಲೇ ಮಾತಿಗೆ ನಿಂತ್ಬಿಟ್ಲು" ಅಂದರು. ಹೆಣ ಎತ್ತುವ ಮೊದಲೇ ಅತ್ತಿಗೆ ಕೊಲೆಗಾತಿಯಾಗಿದ್ದಳು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ಸುಮ್ಮನಿದ್ದೆ ಅನ್ನುವುದೂ ಸುಳ್ಳು, ನಂಬಿದೆ. ಹೊಸಕೋಟೆಯಿಂದ ಬೂದಿಗೆರೆ ದಾಟಿ ಊರಿಗೆ ಬಂದಾಗಲೂ ಅವಳ ಜೊತೆ ಮಾತಾಡುವುದನ್ನು ಬಿಟ್ಟೆ.

ಆ ಮೂರು ವರ್ಷವೂ ಹೊಸಕೋಟೆಯ ಕಾಲೇಜಿನಲ್ಲಿ ನಾನು ಏನು ಪಾಠ ಮಾಡುತ್ತಿದ್ದೆ ಗೊತ್ತಾ? ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳಿಗೆ ಕಾರ್ಬನ್ ಮಾನಾಕ್ಸೈಡೇ ಆಹಾರ ಅಂತ. ಬಣ್ಣವಿಲ್ಲ, ವಾಸನೆಯಿಲ್ಲ, ಅಂಥ ವಿಷಾನಿಲ ಅದು. ಅವುಗಳ ಹತ್ತಿರ ಒಂದು ಕಿಣ್ವವಿದೆ, ಅದರ ನಡುವೆ ಮಾಲಿಬ್ಡಿನಮ್ಮು, ತಾಮ್ರ. ಅನಿಲ ಅಲ್ಲಿಗೆ ಬಂದು ಕೂತರೆ, ನೀರಿನಿಂದ ಆಮ್ಲಜನಕ ತೆಗೆದು ಅದಕ್ಕೆ ಸೇರಿಸಿ, ನಾವು ಉಸಿರಲ್ಲಿ ಬಿಡುವ ಇಂಗಾಲದ ಡೈಆಕ್ಸೈಡು ಮಾಡಿ ಕಳಿಸುತ್ತದೆ. ಆಗ ಸಿಗುವ ಎಲೆಕ್ಟ್ರಾನುಗಳೇ ಆ ಜೀವಿಯ ಬದುಕಿಗೆ ಶಕ್ತಿ. ಗಾಳಿಯಾಡದ ಕೆರೆ ಹೂಳಿನ ಜಾತಿಗಳು ಇದೇ ಕೆಲಸಕ್ಕೆ ನಿಕ್ಕಲ್ಲು, ಕಬ್ಬಿಣ ಬಳಸುತ್ತವೆ. ನಿನ್ನ ಹಿಪ್ಪುನೇರಳೆ ತೋಟದ ಮಣ್ಣಿನಲ್ಲೂ ಇಂಥವು ಇದ್ದಾವು. ಅವು ನಿನ್ನನ್ನು ಉಳಿಸುತ್ತಿದ್ದವು ಅಂತ ಕಥೆ ಕಟ್ಟುವುದಿಲ್ಲ. ಕೋಣೆ ತುಂಬಿದ ವಿಷ ತಿಂದು ಮುಗಿಸುವಷ್ಟು ಚುರುಕಲ್ಲ ಅವು. ಆದರೆ ಬೋರ್ಡಿನ ತುಂಬ ಇದನ್ನು ಬರೆದವಳಿಗೆ, ಈ ಅನಿಲ ಎಲ್ಲಿಂದ ಬರುತ್ತೆ ಮಿಸ್ ಅಂದ ಹುಡುಗಿಗೆ ಲಾರಿ, ಕಾರ್ಖಾನೆ ಅಂತ ಉತ್ತರ ಕೊಟ್ಟವಳಿಗೆ, ಮುಚ್ಚಿದ ಕೋಣೆಯಲ್ಲಿ ಇದೇ ಅನಿಲ ಬಿಡುವ ನಿನ್ನ ಬಾಂಡ್ಲಿಯ ಕೆಂಡ ಒಂದು ಸಲವಾದರೂ ನೆನಪಾಗಬಾರದಿತ್ತೇ? ಓದಿದ್ದು ಯಾವ ಪುರುಷಾರ್ಥಕ್ಕೆ?

ಹತ್ತು ದಿನದ ಹಿಂದೆ ನಿನ್ನ ಮಗ, ನಮ್ಮಣ್ಣ, ಫೋನ್ ಮಾಡಿದ. ಅದೇ ಕೋಣೆ, ಅದೇ ಬಾಂಡ್ಲಿ, ಹುಳಕ್ಕೆ ಸೊಪ್ಪು ಹಾಕುತ್ತಿದ್ದ ಅತ್ತಿಗೆ ಬಿದ್ದಿದ್ದಳು. ಅವನು ಹೊರಗೆ ಎಳೆದು ತಂದು ಆಸ್ಪತ್ರೆಗೆ ಸೇರಿಸಿದ. "ಒಳಗೆ ಇದ್ದಿಲು ಹಾಕಿದ್ರಾ?" ಅದೇ ಅಲ್ಲಿನ ಡಾಕ್ಟರಮ್ಮ ಕೇಳಿದ ಮೊದಲ ಮಾತು. ರಕ್ತ ಪರೀಕ್ಷೆಯಲ್ಲಿ ಅದೇ ಅನಿಲ ಸಿಕ್ಕಿತು. ಆಕ್ಸಿಜನ್ ಕೊಟ್ಟರು, ಬದುಕಿಕೊಂಡಳು. ನಿನ್ನ ರಕ್ತವನ್ನು ಯಾರೂ ನೋಡಲಿಲ್ಲ, ಇನ್ನು ಸಾಬೀತು ಮಾಡಲೂ ಆಗುವುದಿಲ್ಲ. ಆದರೆ ಈ ವಿಷ ಮುಖಕ್ಕೆ ತರುವ ಆ ಕೆಂಪು, ಆ ತಲೆನೋವು, ಆ ಗೋಣಿಚೀಲ... ನನಗೆ ಅಷ್ಟು ಸಾಕು.

ಅತ್ತಿಗೆ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಇದನ್ನು ದೊಡ್ಡಪ್ಪನಿಗೆ ಹೇಳಿದರೆ, "ಗ್ಯಾಸಾಗಿದ್ರೆ ಮೊದ್ಲು ಹುಳ ಸಾಯ್ಬೇಕಿತ್ತಲ್ಲಮ್ಮ? ಅವ್ಳು ಹೋದಾಗ್ಲೂ ಒಂದ್ ಹುಳ ಸಾಯ್ಲಿಲ್ಲ" ಅಂದ. ಮೈಯೆಲ್ಲ ಉರಿದುಹೋಯಿತು. ಹುಳಕ್ಕೆ ನಮ್ಮ ಹಾಗೆ ಕೆಂಪು ರಕ್ತವಿಲ್ಲ ದೊಡ್ಡಪ್ಪ, ಈ ವಿಷ ಹಿಡಿದುಕೊಳ್ಳುವುದೇ ಆ ಕೆಂಪನ್ನು, ಹುಳ ಪಕ್ಕೆಯ ತೂತುಗಳಿಂದ ನೇರವಾಗಿ ಗಾಳಿ ತಗೊಳ್ಳುತ್ತೆ, ಅದು ಚೆನ್ನಾಗಿದ್ದರೆ ನಾವು ಚೆನ್ನಾಗಿರುತ್ತೇವೆ ಅಂತ ಯಾರು ಹೇಳಿದರು ನಿಮಗೆ, ಅಂತ ಕೂಗಾಡಿದೆ. ಅವನು ಅತ್ತಿಗೆ ಮಲಗಿದ್ದ ಕೋಣೆಯ ಕಡೆ ನೋಡಿದ. ಆಮೇಲೆ, "ಹಂಗಾದ್ರೆ ಆ ಹುಡ್ಗೀನ ನಾವು..." ಅಂದವನು ಮುಗಿಸಲಿಲ್ಲ.

ನಿನ್ನೆ ಹೋಗಿ ಕಿಟಕಿಯ ಗೋಣಿಚೀಲಗಳನ್ನೆಲ್ಲ ಕಿತ್ತುಹಾಕಿದೆ. ಅಣ್ಣ ಕರೆಂಟಿನ ಹೀಟರ್ ತಂದಿದ್ದಾನೆ. ಮುಂದಿನ ತಿಂಗಳು ನಿನ್ನ ವರ್ಷದ ಎಡೆಗೆ ಅವತ್ತು ಮಾತಾಡಿದವರೆಲ್ಲ ಬರುತ್ತಾರೆ. ಎಲೆ ಹಾಕುವ ಮೊದಲೇ ಅವರೆದುರು ನಿಂತು ಹೇಳುತ್ತೇನೆ, ಮೊದಲು ನನ್ನ ತಪ್ಪು, ಆಮೇಲೆ ಅವರದು. ಎದ್ದು ಹೋಗುವವರು ಹೋಗಲಿ.

ನೀನು ಕೇಳದ ಒಂದು ಸುದ್ದಿ ಇದೆ. ನೀನು ಹೋದ ದಿನ ಸೊಪ್ಪು ತರಲು ಯಾಕೆ ತಡವಾಯಿತು ಅಂತ ನಿನ್ನೆ ಅತ್ತಿಗೆಯನ್ನು ಕೇಳಿದೆ. ನಮ್ಮ ತೋಟದ ಸೊಪ್ಪೆಲ್ಲ ಬಲಿತುಹೋಗಿತ್ತಂತೆ. ನಿನ್ನ ಮರಿಗಳಿಗೆ ಎಳೆ ಎಲೆ ಹುಡುಕಿಕೊಂಡು ಕೆರೆಯಾಚೆಯ ತೋಟದ ತನಕ ನಡೆದು ಹೋಗಿದ್ದಳಂತೆ. ಮೂರು ವರ್ಷ ಯಾಕೆ ಹೇಳಲಿಲ್ಲ ಅಂದೆ.

"ಯಾರ್ ಕೇಳಿದ್ರು?" ಅಂದಳು.