ಖಾಕಿಗೆ ಹಾಕಿದ ನೀಲಿ ದಾರ

ಕುರುಬರಹಳ್ಳಿ, ಬೆಂಗಳೂರು
ನವೆಂಬರ್ ೧, ೨೦೨೫, ಶನಿವಾರ

ಯಜಮಾನರಿಗೆ ವಿಮಲಾ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಚಳಿ ಶುರುವಾಗುತ್ತಿದ್ದಂತೆ ಮಂಡಿನೋವು ಏಳುತ್ತಿತ್ತಲ್ಲ, ಈಗಲೂ ಏಳುತ್ತದೆಯೇ? ಇಲ್ಲದ ಮನುಷ್ಯನಿಗೆ ಮಂಡಿಯೆಲ್ಲಿ, ನೋವೆಲ್ಲಿ ಎಂದು ನಿಮ್ಮ ಮಗ ಭೈರೇಶ ನಗಬಹುದು. ನಗಲಿ. ಕಾಗದ ಬರೆಯುವಾಗ ಮೊದಲು ಆರೋಗ್ಯ ಕೇಳಬೇಕು ಎಂದು ಶಾಲೆಯಲ್ಲಿ ಕಲಿಸಿದ್ದರು. ಬದುಕಿರುವವರನ್ನು ಮಾತ್ರ ಕೇಳಬೇಕು ಎಂದು ಯಾರೂ ಹೇಳಿರಲಿಲ್ಲ. ನನಗೆ ಸಕ್ಕರೆ ಕಾಯಿಲೆ ಬಂದಿದೆ, ಕಾಫಿಗೆ ಸಕ್ಕರೆ ಹಾಕಲು ಸೊಸೆ ಬಿಡುವುದಿಲ್ಲ. ಕುಸುಮಾ ಒಳ್ಳೆಯವಳೇ, ಬಾಯಿ ಮಾತ್ರ ಜೋರು. ಭೈರೇಶನ ತಲೆ ನಿಮ್ಮ ಹಾಗೆಯೇ ಮುಂದಿನಿಂದ ಬೋಳಾಗುತ್ತಿದೆ. ನೀವು ಹೋದಾಗ ಮೂರು ವರ್ಷದವಳಾಗಿದ್ದ ಮೊಮ್ಮಗಳು ರಂಜಿನಿ ಈಗ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಸರ್ಕಲ್ಲಿನಲ್ಲಿ ರಾಜ್ಯೋತ್ಸವದ ಬಾವುಟ ಏರಿಸಿ ಬೆಳಗಿನಿಂದ ಮೈಕು ಹಚ್ಚಿದ್ದಾರೆ, ಆ ಗಲಾಟೆಯಲ್ಲೇ ಕೂತು ಬರೆಯುತ್ತಿದ್ದೇನೆ. ಎಲ್ಲಿಗೆ ಕಳಿಸಬೇಕು ಎನ್ನುವುದು ಹದಿನಾರು ವರ್ಷದಿಂದ ಗೊತ್ತಿಲ್ಲ. ಆದರೂ ಈ ಒಂದು ಕಾಗದ ಬರೆಯದೆ ಆಗುವುದಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ನೀವು ಮನೆಯಲ್ಲಿ ಕೂತಿದ್ದಿರಿ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಭೈರೇಶ "ಸುಮ್ನೆ ಕೂತ್ಕೊಂಡು ಉಣ್ಣಾಕೆ ನಾಚ್ಕೆ ಆಗಲ್ವಾ" ಎಂದುಬಿಟ್ಟ. ನೀವು ಕೈ ತೊಳೆದು, ಇದ್ದ ಎರಡು ಖಾಕಿಯಲ್ಲಿ ಒಂದನ್ನು ತೊಟ್ಟು ಹೊರಟವರು ಹೊರಟೇ ಹೋದಿರಿ. ಸ್ಟೇಷನ್ನಿಗೆ ಕಂಪ್ಲೇಂಟು ಕೊಟ್ಟದ್ದಾಯಿತು, ದೇವರಲ್ಲಿ ಕೇಳಿಸಿದ್ದಾಯಿತು. ಆ ಮಾತು ನಿಮಗಿಂತ ಹೆಚ್ಚು ಅವನನ್ನೇ ತಿಂದಿದೆ. ಸತ್ತವರಿಗೆ ಎಡೆ ಇಡದಿದ್ದರೆ ಅವರು ಹಸಿದೇ ಅಲೆಯುತ್ತಾರೆ ಎಂದು ಯಾರೋ ಅವನ ತಲೆಗೆ ತುಂಬಿದರು. ಈ ಸಲದ ಮಹಾಲಯ ಅಮಾವಾಸ್ಯೆಗೆ ನಾನು ಎಷ್ಟು ಬೇಡವೆಂದರೂ ಕೇಳದೆ ಹಿರಿಯರ ಸಾಲಿನಲ್ಲಿ ನಿಮ್ಮ ಫೋಟೊ ಇಟ್ಟ. ಹೊಸ ಪಂಚೆಯ ಪಕ್ಕದಲ್ಲಿ ನೀವು ಬಿಟ್ಟುಹೋದ ಖಾಕಿಯನ್ನೂ ಮಡಿಸಿ ಇಟ್ಟ. ನೆನಪಿದೆಯೇ, ಅದರ ಕಾಲರ್ ಹರಿದಾಗ ಖಾಕಿ ದಾರ ಸಿಗದೆ ನೀಲಿ ದಾರದಲ್ಲಿ ಹೊಲಿದಿದ್ದೆ. "ಇವಳಿಗೆ ಖಾಕಿ ದಾರ ಸಿಗ್ಲಿಲ್ವಂತೆ" ಎಂದು ನೀವು ಗೋಡೆಗೆ ಹೇಳಿ ಹೋಗಿದ್ದಿರಿ. ನನಗೆ ನೇರವಾಗಿ ಹೇಳಿದ್ದು ಯಾವಾಗ ಬಿಡಿ.

ಮುದ್ದೆ, ಕೋಳಿಸಾರು, ವಡೆ, ನಿಮ್ಮ ಬೀಡಿಕಟ್ಟು ಎಲ್ಲ ಇಟ್ಟು, ಧೂಪ ಹಾಕಿ, ನಡುಮನೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು. ಹಿರಿಯರು ಉಂಡು ಏಳಲಿ ಎಂದು ಸ್ವಲ್ಪ ಹೊತ್ತು ಬಿಟ್ಟು, ಒಳಗೆ ಹೋಗುವ ಮೊದಲು ಬಾಗಿಲು ತಟ್ಟುವುದು ನಮ್ಮ ಪದ್ಧತಿಯಲ್ಲವೇ? ಭೈರೇಶ ತಟ್ಟಿದ. ಒಳಗಿನಿಂದ ಯಾರೋ ತಿರುಗಿ ತಟ್ಟಿದರು. ಎರಡು ಸಲ ಒಟ್ಟಿಗೆ, ಸ್ವಲ್ಪ ತಡೆದು ಇನ್ನೊಂದು. ನೀವು ತಟ್ಟುತ್ತಿದ್ದ ಹಾಗೆಯೇ. ಮದುವೆಯಾದಂದಿನಿಂದ ನೀವು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಕೆಲಸದಿಂದ ಬಂದರೆ ಬಾಗಿಲು ಹಾಗೆ ತಟ್ಟುತ್ತಿದ್ದಿರಿ, ಅಡುಗೆಮನೆಯಲ್ಲಿದ್ದರೆ ಅಲ್ಲಿನ ಬಾಗಿಲಿಗೂ ಹಾಗೆಯೇ. ನನ್ನ ಹೆಸರು ಅಷ್ಟೇ ಆಗಿತ್ತು. ಬಾಗಿಲು ತೆಗೆದು ನೋಡಿದರೆ ಒಳಗೆ ಯಾರೂ ಇಲ್ಲ, ಎಡೆ ಇಟ್ಟದ್ದು ಇಟ್ಟಂತೆಯೇ ಇದೆ. ತೆಂಗಿನಕಾಯಿ ಉರುಳಿರಬೇಕು ಎಂದಳು ಕುಸುಮಾ. ನಾನೂ ಹಾಗೇ ಇರಬೇಕು ಎಂದುಕೊಂಡೆ. ಅಂದಿನಿಂದ ಆ ಕೋಣೆಗೆ ಒಬ್ಬಳೇ ಹೋಗಲು ನನಗೆ ಕಾಲು ಬರುತ್ತಿಲ್ಲ.

ಇನ್ನು ರಂಜಿನಿಯ ವಿಷಯ. ಈಗಿನ ಹುಡುಗರಿಗೆ ಹ್ಯಾಲೋವೀನ್ ಎಂದು ಒಂದು ಹಬ್ಬವಿದೆ, ಹೊರದೇಶದವರ ಮಹಾಲಯ ಅಮಾವಾಸ್ಯೆ ಎಂದುಕೊಳ್ಳಿ. ಸತ್ತವರು ಮನೆಗೆ ಬರುವ ದಿನವಂತೆ, ಆದರೆ ಊಟ ಇಡುವುದಿಲ್ಲ, ವೇಷ ಹಾಕಿ ಕುಣಿಯುತ್ತಾರೆ. ಮಹಾಲಕ್ಷ್ಮಿ ಲೇಔಟಿನ ಅವಳ ಗೆಳತಿ ಸಂಘಮಿತ್ರಾಳ ಮನೆಯಲ್ಲಿ ಪಾರ್ಟಿ ಇಟ್ಟುಕೊಂಡಿದ್ದರು. ದೆವ್ವದ ವೇಷ ಎಲ್ಲರೂ ಹಾಕುತ್ತಾರೆ, ತನ್ನದು ಗೀಕಿ ಆಗಿರಬೇಕು ಎಂದು ಇವಳ ಹಟ. ಅಂದರೆ ಓದಿಕೊಂಡ ಹುಚ್ಚರ ವೇಷ ಎಂದು ನನಗೆ ಅರ್ಥವಾಯಿತು. ಮೊದಲು ಕ್ಯಾಲ್ಕುಲೇಟರ್ ಆಗುತ್ತೇನೆಂದು ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಕತ್ತರಿಸಿದಳು, ಅದರಲ್ಲಿ ಕೂರಲು ಆಗಲಿಲ್ಲ. ಆಮೇಲೆ ಬಟನ್ ಫೋನ್ ಆಗುತ್ತೇನೆಂದಳು. ಕೊನೆಗೆ ಯಾವುದೋ ಕಂಪ್ಯೂಟರ್ ಆಟದಲ್ಲಿ, ಎಲ್ಲರೂ ಬಿಟ್ಟುಹೋದ ಆಕಾಶನೌಕೆಯನ್ನು ಒಬ್ಬನೇ ರಿಪೇರಿ ಮಾಡಿಕೊಂಡಿರುವ ಮೆಕ್ಯಾನಿಕ್ ಒಬ್ಬನಿದ್ದಾನಂತೆ, ಅವನಾಗುವುದೆಂದು ಗಟ್ಟಿ ಮಾಡಿದಳು. ರೆಡಿಮೇಡ್ ಡ್ರೆಸ್ ತರಿಸಿಕೊಡುತ್ತೇನೆಂದ ಕುಸುಮಾಳಿಗೆ ಬಿತ್ತು ಪಾಠ. "ಅಮ್ಮಾ, ಕೊಂಡು ಹಾಕ್ಕೊಂಡ್ರೆ ಬರೀ ಕಾಸ್ಟ್ಯೂಮ್ ಅಷ್ಟೇ. ಕಾಸ್‌ಪ್ಲೇ ಅಂದ್ರೆ ಬೇರೆ. ನಡಿಗೆ, ಕೂರೋದು, ನೋಡೋದು ಎಲ್ಲಾ ಅವನದ್ದೇ ಆಗ್ಬೇಕು. ಹಾಕ್ಕೊಂಡ್ ಮೇಲೆ ನನ್ನ ಹೆಸರು ಕರೆದ್ರೆ ನಾನು ಓಗೊಡಲ್ಲ." ಶಾಲೆಯ ಫ್ಯಾನ್ಸಿ ಡ್ರೆಸ್ಸಿನಲ್ಲಿ ರಾಜನ ವೇಷ ಹಾಕಿ ಮೀಸೆ ಉದುರಿತೆಂದು ಅತ್ತ ನಿಮ್ಮ ಮಗನ ಹೊಟ್ಟೆಯಲ್ಲಿ ಇಂಥವಳು ಹುಟ್ಟಿದ್ದಾಳೆ ನೋಡಿ. ಮೆಕ್ಯಾನಿಕ್ಕಿಗೆ ಖಾಕಿ ಬೇಕೆಂದು ಎಡೆಗೆ ಇಟ್ಟಿದ್ದ ನಿಮ್ಮದನ್ನೇ ಎತ್ತಿಕೊಂಡಳು. ನಾನು ಬೇಡವೆನ್ನಲಿಲ್ಲ. ಬೀರುವಿನಲ್ಲಿ ಸತ್ತವರ ಬಟ್ಟೆಯಾಗಿ ಬಿದ್ದಿರುವುದಕ್ಕಿಂತ ಮೊಮ್ಮಗಳ ಮೈಮೇಲೆ ಇರಲಿ ಎನ್ನಿಸಿತು.

ನಿನ್ನೆ ಸಂಜೆ ದೀಪ ಹಚ್ಚುವ ಹೊತ್ತು. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಹಿಂದಿನಿಂದ ಬಾಗಿಲು ತಟ್ಟಿತು. ಎರಡು ಸಲ, ತಡೆದು ಇನ್ನೊಂದು. ಕೈಯಲ್ಲಿದ್ದ ಪಾತ್ರೆ ಹೇಗೆ ಬೀಳಲಿಲ್ಲವೋ ದೇವರಿಗೇ ಗೊತ್ತು. ತಿರುಗಿದರೆ ನಿಮ್ಮ ಖಾಕಿ ನಿಂತಿದೆ. ಮೇಲೆ ತಗಡಿನ ಟೋಪಿ, ಮುಖದ ಮೇಲೆ ತಗಡು, ಕಣ್ಣಿಗೆ ಎರಡು ತೂತು. ರಂಜಿನಿ ಎಂದು ಕರೆದೆ, ಓಗೊಡಲಿಲ್ಲ. ಬಂದು ಹೊಸಲಿನ ಮೇಲೆ ಕೂತಿತು, ನೀವು ಕೂರುತ್ತಿದ್ದ ಹಾಗೆ ಒಂದು ಕಾಲು ಚಾಚಿ. ನಾನು ಮಾತಾಡಿದಾಗ ಎಡಗಿವಿಯನ್ನು ನನ್ನ ಕಡೆ ತಿರುಗಿಸಿತು. ಕಾರ್ಖಾನೆಯ ಪ್ರೆಸ್ ಮೆಷಿನ್ನಿನ ಸದ್ದಿಗೆ ಬಲಗಿವಿ ಹೋಗಿದ್ದು ನಿಮ್ಮದು, ಅವಳ ಕಿವಿ ಎರಡೂ ಚೆನ್ನಾಗಿವೆ. ಕಾಫಿ ಕೊಟ್ಟರೆ ಮುಖದ ತಗಡು ಒಂದಿಷ್ಟೇ ಎತ್ತಿ, ಬಟ್ಟಲಿಗೆ ಸುರಿದು ಕುಡಿದು, ಬಟ್ಟಲಿನ ಅಂಚನ್ನು ಹೆಬ್ಬೆರಳಿನಲ್ಲಿ ಒರೆಸಿ ಕೆಳಗಿಟ್ಟಿತು. ಮೂರು ವರ್ಷದ ಮಗು ಇದನ್ನೆಲ್ಲ ನೋಡಿ ನೆನಪಿಟ್ಟುಕೊಳ್ಳುತ್ತದೆಯೇ? ನಾನು ಯಾರಿಗೂ ಹೇಳಿದವಳೂ ಅಲ್ಲ. ಅಷ್ಟರಲ್ಲಿ ಭೈರೇಶ ಒಳಗೆ ಬಂದ. ನೋಡಿದವನೇ ಅದರ ಕಾಲ ಬಳಿ ಕೂತುಬಿಟ್ಟ. "ಅಪ್ಪಾ, ಏನೋ ಅಂದ್ಬಿಟ್ಟೆ, ತಪ್ಪಾಯ್ತು" ಎಂದು ಮಗುವಿನ ಹಾಗೆ ಅತ್ತ. ಅದು ಅವನ ತಲೆಯ ಮೇಲೆ ಕೈ ಇಟ್ಟಿತು. ಹೊರಗೆ ಸಂಘಮಿತ್ರಾ ಸ್ಕೂಟರಿನ ಹಾರನ್ ಒತ್ತಿದಳು, ಅದು ಸೊಂಟಕ್ಕೆ ಕೈ ಕೊಟ್ಟು ಎದ್ದು ನಡೆದುಹೋಯಿತು. ಆ ನಡಿಗೆಯನ್ನು ಹದಿನಾರು ವರ್ಷದ ಮೇಲೆ ನೋಡಿದೆ. ಹೆದರಿಕೆಯಾಯಿತು. ಸಂತೋಷವೂ ಆಯಿತು, ಸುಳ್ಳು ಹೇಳುವುದಿಲ್ಲ.

ರಂಜಿನಿ ರಾತ್ರಿ ಗೆಳತಿಯ ಮನೆಯಲ್ಲೇ ಮಲಗಿದ್ದಳು, ಇನ್ನೂ ಬಂದಿಲ್ಲ. ಭೈರೇಶ ಮಾತ್ರ ರಾತ್ರಿಯೆಲ್ಲ ಒಂದೇ ಹಾಡು. "ಇನ್ನಾದ್ರೂ ಒಪ್ಕೊಳಮ್ಮ. ಅಪ್ಪ ಎಡೆ ಉಂಡವ್ರೆ, ಮೊಮ್ಮಗಳ ಮೈಮೇಲೆ ಬಂದು ನನ್ನ ಕ್ಷಮಿಸವ್ರೆ." ಶ್ರೀರಂಗಪಟ್ಟಣದಲ್ಲಿ ತಿಥಿ ಮಾಡಿ ಮುಗಿಸಬೇಕೆಂದು ಬೆಳಿಗ್ಗೆಯೇ ಪುರೋಹಿತರ ಮನೆಗೆ ಹೋಗಿದ್ದಾನೆ. ಬದುಕಿರುವವರು ಇನ್ನೊಬ್ಬರ ಮೈಮೇಲೆ ಬರುವುದಿಲ್ಲ, ಅಷ್ಟು ನನಗೂ ಗೊತ್ತು. ಇಷ್ಟು ವರ್ಷ ಯಾರು ಏನೆಂದರೂ ಹಣೆಯ ಕುಂಕುಮ ಬಿಡಲಿಲ್ಲ. ಮದುವೆ ಮನೆಗಳಲ್ಲಿ ನನ್ನ ಹಣೆ ನೋಡಿ ಪಿಸುಗುಟ್ಟಿದರೂ ಬಿಡಲಿಲ್ಲ. ಈಗ ಸಾಕಾಗಿದೆ. ನೀವೇ ಬಂದು ಹೇಳಿಹೋದ ಮೇಲೆ ನಾನು ಯಾರ ಹತ್ತಿರ ಜಗಳ ಆಡಲಿ? ಇವತ್ತು ಸಂಜೆ ದೀಪ ಹಚ್ಚಿ, ಕುಂಕುಮ ಅಳಿಸಿಕೊಳ್ಳುತ್ತೇನೆ. ಅದನ್ನು ಬೇರೆಯವರ ಬಾಯಿಂದ ನೀವು ಕೇಳಬಾರದು ಎಂದೇ ಈ ಕಾಗದ.

ಇನ್ನು ಅಲೆಯಬೇಡಿ. ಮಗನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ. ಹೋದ ಕಡೆ ಹೊತ್ತಿಗೆ ಸರಿಯಾಗಿ ಉಣ್ಣಿ, ಮೊಮ್ಮಗಳ ಮೇಲೆ ನಿಮ್ಮ ಕೈ ಹೀಗೇ ಇರಲಿ.

ನಿಮ್ಮ ಹೆಂಡತಿ,
ವಿಮಲಾ

ಮರೆತ ಮಾತು: ಆತುರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡಿ. ರಂಜಿನಿ ಈಗ ಬಂದಳು. ಆ ನಡಿಗೆ ಎಲ್ಲಿಂದ ಬಂತೇ ಎಂದು ಕೇಳಿದೆ. ಕಾಮಾಕ್ಷಿಪಾಳ್ಯದ ತಗಡಿನ ಶೆಡ್ಡಿನಲ್ಲಿ ಟೋಪಿ ಮಾಡಿಕೊಟ್ಟ ಮುದುಕನನ್ನು ನೋಡಿ ಕಲಿತಳಂತೆ. ಎದೆಯವರೆಗೆ ಗಡ್ಡವಂತೆ, ನಮ್ಮ ಮನೆಯ ಫೋಟೊದ ಮೀಸೆ ಹುಡುಗನಿಗೂ ಅವನಿಗೂ ಏನೂ ಹೋಲಿಕೆಯಿಲ್ಲವಂತೆ. "ಮೆಕ್ಯಾನಿಕ್ ಅಂದ್ರೆ ಹಿಂಗೇ ಇರ್ಬೇಕು ಅನ್ನಿಸ್ತು ಕಣಜ್ಜಿ, ತಟ್ಟೋದು, ಕೂರೋದು, ಕಾಫಿ ಕುಡಿಯೋದು, ಎಲ್ಲಾ ಕಾಪಿ ಮಾಡ್ದೆ." ಅಳತೆ ನೋಡಲು ಅಲ್ಲಿ ಖಾಕಿ ತೊಟ್ಟಾಗ ಮುದುಕ ಕಾಲರ್ ಮುಟ್ಟಿ ನೋಡಿ, "ಕೊನೆಗೂ ಖಾಕಿ ದಾರ ಸಿಗ್ಲೇ ಇಲ್ಲ ಇವಳಿಗೆ" ಎಂದು ಗೋಡೆಗೆ ಹೇಳಿ ಆ ಕಡೆ ತಿರುಗಿ ನಿಂತನಂತೆ.

ಬದುಕಿದ್ದೀರಿ! ಇಷ್ಟು ಹತ್ತಿರದಲ್ಲಿ! ನಿಮಗೆ ಬಯ್ಯಲು ಹದಿನಾರು ವರ್ಷದ್ದು ಬಾಕಿಯಿದೆ, ಬಂದ ಮೇಲೆ ಬಯ್ಯುತ್ತೇನೆ. ರಂಜಿನಿ ಸ್ಕೂಟರ್ ಆಫ್ ಮಾಡದೆ ನಿಂತಿದ್ದಾಳೆ, ಕಾಗದ ಅವಳ ಕೈಯಲ್ಲೇ ಕೊಡುತ್ತಿದ್ದೇನೆ, ಅವಳ ಹಿಂದೆಯೇ ಕೂತು ಬಂದುಬಿಡಿ. ಒಂದೇ ಮಾತು ನಡೆಸಿಕೊಡಿ. ಬಂದಾಗ ಬಾಗಿಲು ತಟ್ಟಬೇಡಿ. ಬೀದಿಯಲ್ಲೇ ನಿಂತು ವಿಮಲಾ ಎಂದು ಗಟ್ಟಿಯಾಗಿ ಕೂಗಿ, ಅಕ್ಕಪಕ್ಕದವರು ಕೇಳಿದರೂ ಪರವಾಗಿಲ್ಲ. ತಟ್ಟಿದರೆ ನಾನು ತೆಗೆಯುವುದಿಲ್ಲ. ಅಮಾವಾಸ್ಯೆಯ ದಿನ ಒಳಗಿನಿಂದ ತಟ್ಟಿದ್ದು ನೀವಲ್ಲವಲ್ಲ.